ಗಡ್ಡೆ ಕೊಲ್ಲುವ ಅಣು, ಗಡ್ಡೆ ಬೆಳೆಸುವ ಅಣು

ಕ್ಯಾನ್ಸರ್ ಗಡ್ಡೆಗಳಲ್ಲಿ ಬಿಳಿರಕ್ತಕಣಗಳನ್ನು ಕಂಡ ಜರ್ಮನಿಯ ರುಡಾಲ್ಫ್ ವಿರ್ಕೋ, ದೀರ್ಘಕಾಲದ ಉರಿಯೂತವೇ ರೋಗದ ಮೂಲವಿರಬಹುದೆಂದು 1863ರಲ್ಲಿ ಊಹಿಸಿದರು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಚರ್ಮಕ್ಕೆ ತೀವ್ರ ಸೋಂಕು ತಗುಲಿದ ರೋಗಿಯೊಬ್ಬರ ಗಡ್ಡೆ ಕರಗಿದ್ದನ್ನು ಹಳೆಯ ದಾಖಲೆಗಳಲ್ಲಿ ಓದಿ, 1891ರಿಂದ ರೋಗಿಗಳಿಗೆ ಬ್ಯಾಕ್ಟೀರಿಯಾವನ್ನೇ ಚುಚ್ಚತೊಡಗಿದರು. ಎದೆಗಾರಿಕೆಯ, ಅಷ್ಟೇ ಅಪಾಯದ ಪ್ರಯೋಗವದು. ಸಾವುಗಳು ಸಂಭವಿಸಿದಾಗ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣ ಬಳಸಿದರು. ಕೆಲವರು ಗುಣವಾದರು, ಏಕೆಂದು ಮಾತ್ರ ತಿಳಿಯಲಿಲ್ಲ.

1975ರಲ್ಲಿ ವಿಜ್ಞಾನಿ ಲಾಯ್ಡ್ ಓಲ್ಡ್ ಅವರ ತಂಡ ಇಲಿಗಳಲ್ಲಿ ಉತ್ತರದ ಒಂದು ಎಳೆ ಕಂಡಿತು: ಬ್ಯಾಕ್ಟೀರಿಯಾದ ವಿಷಕ್ಕೆ ಪ್ರತಿಯಾಗಿ ದೇಹ ಸ್ರವಿಸುವ, ಗಡ್ಡೆಯನ್ನು ಕೊಳೆಯಿಸುವ ಟಿಎನ್‌ಎಫ್ (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್) ಎಂಬ ಅಣು. ಮನುಷ್ಯರ ರಕ್ತಕ್ಕೆ ಕೊಟ್ಟಾಗ ಅದು ರಕ್ತದೊತ್ತಡವನ್ನೇ ಕುಸಿಯಿಸಿತು. ಹೀಗಾಗಿ ಕೈಕಾಲಿನ ರಕ್ತಸಂಚಾರವನ್ನು ಬೇರ್ಪಡಿಸಿ ಅದನ್ನು ಅಲ್ಲಿಗಷ್ಟೇ ಹರಿಸುವ ಚಿಕಿತ್ಸೆಗೆ 1999ರಲ್ಲಿ ಯುರೋಪ್ ಒಪ್ಪಿಗೆ ನೀಡಿತು. ಆದರೆ ಅದೇ ವರ್ಷ, ಈ ಅಣು ಗಡ್ಡೆ ಬೆಳೆಯಲೂ ನೆರವಾಗುತ್ತದೆಂದು ಸೂಚಿಸುವ, ಲಂಡನ್ನಿನ ಫ್ರಾನ್ಸಿಸ್ ಬಾಕ್‌ವಿಲ್ ತಂಡದ ವರದಿ ಬಂತು: ಟಿಎನ್‌ಎಫ್ ಇಲ್ಲದ ಇಲಿಗಳಲ್ಲಿ ಚರ್ಮದ ಗಡ್ಡೆಗಳು ಹುಟ್ಟುವುದೇ ಕಡಿಮೆ.