ಸ್ಯಾಂಡೋ ಹಾದಿಯಲ್ಲಿ ಒಬ್ಬ ರಾಜ, ಒಬ್ಬ ಕಾದಂಬರಿಕಾರ

ಬಟ್ಟೆ ಅಂಗಡಿಯಲ್ಲಿ ತೋಳಿಲ್ಲದ ಬನಿಯನ್ ಬೇಕಾದರೆ ‘ಸ್ಯಾಂಡೋ ಕೊಡಿ’ ಎಂದರೆ ಸಾಕು. ನಮ್ಮ ಬಾಯಲ್ಲಿ ಹೀಗೆ ಉಳಿದುಹೋಗಿರುವುದು 1867ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಎಂಬುವನ ಹೆಸರು.

ಭಾರ ಎತ್ತುವ ಬಲಶಾಲಿಗಳು ಅವನಿಗಿಂತ ಮುಂಚೆಯೂ ಇದ್ದರು. ಆದರೆ ಜನ ಎತ್ತಿದ ಭಾರಕ್ಕಿಂತ ಎತ್ತಿದವನ ಮೈಕಟ್ಟನ್ನೇ ಕಣ್ಣರಳಿಸಿ ನೋಡಿದ್ದು ಸ್ಯಾಂಡೋ ಕಾಲದಲ್ಲಿ. 1893ರ ಷಿಕಾಗೋ ವಿಶ್ವಮೇಳದ ದಿನಗಳಲ್ಲಿ ಅವನ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ನೋಡಿದವರಿಗೆ ಹುಟ್ಟಿದ ಆಸೆ ಒಂದೇ: ತಮಗೂ ಅಂಥ ಮೈ ಬೇಕು. ಸ್ಯಾಂಡೋ ಆ ಆಸೆಗೆ ಒಂದು ದಿನಚರಿಯನ್ನೇ ಕಟ್ಟಿಕೊಟ್ಟ. 1897ರಲ್ಲಿ ಪುಸ್ತಕ ಬಂತು, ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆ ತೆರೆಯಿತು. ಮರುವರ್ಷ ಪತ್ರಿಕೆಯೂ ಹೊರಟಿತು.

ಅವನ ಕ್ರಮವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾಗಿತ್ತು. ಹಗುರವಾದ ಡಂಬೆಲ್, ವಯಸ್ಸಿಗೆ ತಕ್ಕ ಲೆಕ್ಕದ ಪಟ್ಟಿ, ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಏರುವ ಎಣಿಕೆ, ಕೊನೆಗೆ ತಣ್ಣೀರ ಸ್ನಾನ. ಕೈ ಆಡಿಸಿದರೆ ಸಾಲದು, ದುಡಿಯುತ್ತಿರುವ ಸ್ನಾಯುವಿನ ಮೇಲೆ ಮನಸ್ಸು ನಿಲ್ಲಬೇಕು ಎನ್ನುವುದು ಅವನ ಮುಖ್ಯ ಪಾಠ. ಎರಡು ಹೋಳುಗಳ ನಡುವೆ ಸ್ಪ್ರಿಂಗ್ ಇಟ್ಟ ಡಂಬೆಲ್ಲನ್ನು ಅವನು ಮಾರಿದ್ದು ಇದಕ್ಕೇ. ಮುಷ್ಟಿ ಸಡಿಲಿಸಿದರೆ ಹೋಳುಗಳು ದೂರ ಸರಿಯುತ್ತಿದ್ದವು. ಊಟದ ವಿಷಯದಲ್ಲಿ ಮಾತ್ರ ಅವನದು ಅಚ್ಚರಿ ಹುಟ್ಟಿಸುವಷ್ಟು ಸರಳ ನಿಲುವು. ವಿಶೇಷ ಪಥ್ಯವೇನೂ ಬೇಡ, ಸಾದಾ ಆಹಾರವನ್ನು ಮಿತವಾಗಿ ಉಂಡರಾಯಿತು. ಮುಂದೆ ಅವನ ಹೆಸರಿನ ಕೋಕೋ ಕೂಡ ಮಾರುಕಟ್ಟೆಗೆ ಬಂತು.

1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನು ಮೈಕಟ್ಟಿನ ದೊಡ್ಡ ಸ್ಪರ್ಧೆ ನಡೆಸಿದ. ತೀರ್ಪುಗಾರರ ಸಾಲಿನಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಇದ್ದರು.

1904–05ರಲ್ಲಿ ಸ್ಯಾಂಡೋ ಭಾರತಕ್ಕೂ ಬಂದ. ಅಷ್ಟು ಹೊತ್ತಿಗೆ ಇಲ್ಲಿ ಅವನಿಗೊಬ್ಬ ನಿಷ್ಠಾವಂತ ಶಿಷ್ಯನಿದ್ದ: ಔಂಧ್ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿ. ಸತಾರೆಯ ಸೀಮೆಯ ಈ ಪುಟ್ಟ ಸಂಸ್ಥಾನಕ್ಕೆ ವಿಜಯಪುರದ ಕಡೆಯ ಗುಣದಾಳವೂ ಸೇರಿತ್ತು. 1897ರಲ್ಲಿ, ಇನ್ನೂ ಪಟ್ಟಕ್ಕೆ ಬಾರದಿದ್ದಾಗಲೇ, ಭವಾನರಾವ್ ಸ್ಯಾಂಡೋನ ಪುಸ್ತಕ, ಸಲಕರಣೆಗಳನ್ನು ತರಿಸಿಕೊಂಡು ಸಾಧನೆಗಿಳಿದರು. ಸುಮಾರು ಹತ್ತು ವರ್ಷ ಬಿಡದೆ ಮಾಡಿದರು.

ಆಮೇಲೆ ಡಂಬೆಲ್ ಮೂಲೆ ಸೇರಿತು. 1908ರ ಹೊತ್ತಿಗೆ ಮಿರಜದ ಅರಸರ ಪ್ರೇರಣೆಯಿಂದ ಅವರು ಸೂರ್ಯನಮಸ್ಕಾರಕ್ಕೆ ತಿರುಗಿದ್ದರು. ಅದಕ್ಕೆ ಬೇಕಾದದ್ದು ಮೈ ಚಾಚುವಷ್ಟು ನೆಲ, ಒಂದಷ್ಟು ಹೊತ್ತು. ಆದರೂ ಸ್ಯಾಂಡೋ ಕಲಿಸಿದ ಶಿಸ್ತನ್ನು ಅವರು ಕೈಬಿಡಲಿಲ್ಲ. ಹಂತಗಳನ್ನು ಒಂದೊಂದಾಗಿ ಗೊತ್ತುಮಾಡಿದರು, ಎಣಿಕೆ ಇಟ್ಟರು, ಚಿತ್ರಸಮೇತ ಪುಸ್ತಕ ಬರೆದರು, ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿದರು. ಮನೆಯ ದೇವರಕೋಣೆಯ ಆಚರಣೆ ಹೀಗೆ ಶಾಲೆಯ ಅಂಗಳದ ಕವಾಯತೂ ಆಯಿತು.

1936ರಲ್ಲಿ ಅವರು ಲಂಡನ್ನಿಗೆ ಹೋದಾಗ ಚಕ್ರ ಒಂದು ಸುತ್ತು ಬಂದಿತ್ತು. ಅರವತ್ತೇಳರ ಈ ಅರಸನ ಗಟ್ಟಿಮೈ ಕಂಡು ಬೆರಗಾದ ಪತ್ರಕರ್ತೆ ಲೂಯಿಸ್ ಮಾರ್ಗನ್ ಆ ಸೂರ್ಯನಮಸ್ಕಾರದ ದಿನಚರಿಯನ್ನು ‘ನ್ಯೂಸ್ ಕ್ರಾನಿಕಲ್’ ಓದುಗರಿಗೆ ಪರಿಚಯಿಸಿದರು. 1938ರಲ್ಲಿ ಅದು ಇಂಗ್ಲಿಷ್ ಪುಸ್ತಕವಾಯಿತು. ಲಂಡನ್ನಿನ ಪುಸ್ತಕ ನೋಡಿ ಕೈಕಾಲು ಆಡಿಸಿದ್ದ ರಾಜನನ್ನು ಈಗ ಲಂಡನ್ನಿನವರು ಅನುಸರಿಸಬಹುದಿತ್ತು.

ಇತ್ತ ಬೆಂಗಳೂರಿನಲ್ಲಿ ಕೋಲಾರ ಸೀಮೆಯ ಕೆ.ವಿ. ಅಯ್ಯರ್ ಸ್ಯಾಂಡೋ ಹಾದಿ, ಸೂರ್ಯನಮಸ್ಕಾರ ಎರಡನ್ನೂ ಒಂದುಗೂಡಿಸಿದ್ದರು. ಅವರ ಗರಡಿಯಲ್ಲಿ ಬಾರ್‌ಬೆಲ್ಲೂ ಇತ್ತು, ಸೂರ್ಯನಮಸ್ಕಾರವೂ ಇತ್ತು, ಹಠಯೋಗದ ಆಸನಗಳೂ ಇದ್ದವು. ಕನ್ನಡಿಗರು ಅಯ್ಯರರನ್ನು ಹೆಚ್ಚಾಗಿ ನೆನೆಯುವುದು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ. ಆದರೆ 1930ರ ದಶಕದಲ್ಲಿ ಅವರ ಹೆಸರು ದೂರದ ಊರುಗಳನ್ನು ಮುಟ್ಟಿದ್ದು ಮೈಕಟ್ಟಿನ ಚಿತ್ರಗಳಿಂದ, ವ್ಯಾಯಾಮದ ಪುಸ್ತಕಗಳಿಂದ. ಗರಡಿಗೆ ಬರಲಾಗದವರಿಗೆ ಪಾಠಗಳು ಬೆಂಗಳೂರಿನಿಂದ ಅಂಚೆಯಲ್ಲಿ ಹೋಗುತ್ತಿದ್ದವು.