ರಕ್ತದ ತಿಳಿ ಮತ್ತು ಪ್ಲೇಗು

ಹಳೆಯ ಮೈಸೂರು ಸೀಮೆಯಲ್ಲಿ ಪ್ಲೇಗಿಗೆ ಜನ ಕಂಡುಕೊಂಡಿದ್ದ ಮದ್ದು ಒಂದೇ: ಊರು ಬಿಡುವುದು. ಇಲಿ ಸತ್ತು ಬಿತ್ತೆಂದರೆ ಮನೆಗೆ ಬೀಗ ಹಾಕಿ, ಮಡಕೆ ಕುಡಿಕೆ ಹೊತ್ತು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರ ಆಗಸ್ಟಿನಲ್ಲಿ ಈ ರೋಗ ಹುಬ್ಬಳ್ಳಿಯ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಅಲ್ಲಿಂದ ಸಂಸ್ಥಾನದಲ್ಲೆಲ್ಲ ಹರಡಿತು. ಮಿರ್ಲೆಯಂಥ ಹಳ್ಳಿಯಿಂದ ಗಾಡಿ ಕಟ್ಟಿಸಿ ಮೈಸೂರಿಗೆ ಹೋದರೂ ಅಲ್ಲಿಯ ವೈದ್ಯರ ಬಳಿ ಇದನ್ನು ವಾಸಿಮಾಡುವ ಔಷಧಿ ಇರಲಿಲ್ಲ. ಆದರೂ ತೊಡೆಸಂದಿಯಲ್ಲಿ ಗಡ್ಡೆ ಎದ್ದವರಲ್ಲಿ ಕೆಲವರು ಬದುಕಿಕೊಂಡರು. 'ಗಟ್ಟಿ ಜೀವ' ಎಂದರು ನೆರೆಯವರು. ಆ ಗಟ್ಟಿತನದ ಒಂದು ಪಾಲು ಅವರ ರಕ್ತದ ತಿಳಿಯಲ್ಲಿತ್ತು.

ರಕ್ತವನ್ನು ಗಾಜಿನ ನಳಿಗೆಯಲ್ಲಿಟ್ಟರೆ ಹೆಪ್ಪುಗಟ್ಟುತ್ತದೆ. ಮೊಸರಿನ ಮೇಲೆ ತಿಳಿ ನಿಲ್ಲುವಂತೆ ಹೆಪ್ಪಿನಿಂದ ನಸುಹಳದಿ ನೀರು ಬೇರೆಯಾಗುತ್ತದೆ. ಅದೇ ಸೀರಮ್. ತಾಜಾ ರಕ್ತ ದನಗಳ ನೆರಡಿ ರೋಗದ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಂದು ಜಾರ್ಜ್ ನಟಾಲ್ 1888ರಲ್ಲಿ ತೋರಿಸಿದ. ರಕ್ತಕಣಗಳಿಲ್ಲದ ಬರಿಯ ಸೀರಮ್ಮಿಗೂ ಆ ಶಕ್ತಿಯಿದೆ, 55 ಡಿಗ್ರಿಗೆ ಕಾಯಿಸಿದರೆ ಅದು ಹೊರಟುಹೋಗುತ್ತದೆ ಎಂದು ಮರುವರ್ಷ ಹಾನ್ಸ್ ಬುಖ್ನರ್ ಕಂಡುಕೊಂಡ.

ಹಾಗಾದರೆ ಒಬ್ಬರ ಸೀರಮ್ಮನ್ನು ಇನ್ನೊಬ್ಬರಿಗೆ ಕೊಡಬಾರದೇಕೆ? ಪ್ಲೇಗಿನ ಬ್ಯಾಕ್ಟೀರಿಯವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ ಯೆರ್ಸಿನ್, 1897ರಲ್ಲಿ ಕುದುರೆಯ ಸೀರಮ್ ತಂದು ಮುಂಬಯಿಯ ರೋಗಿಗಳಿಗೆ ಚುಚ್ಚಿದ. ನೆಚ್ಚಿದಷ್ಟು ಫಲ ಸಿಗಲಿಲ್ಲ. ಅದೇ ಊರಿನಲ್ಲಿ ಹಾಫ್‌ಕಿನ್ ಬೇರೆ ದಾರಿ ಹಿಡಿದಿದ್ದ. ಸಾಲ ತಂದ ಸೀರಮ್ ಬೇಡ. ಸತ್ತ ಬ್ಯಾಕ್ಟೀರಿಯಗಳನ್ನು ಚುಚ್ಚಿದರೆ ಮೈಯೇ ತನಗೆ ಬೇಕಾದ್ದನ್ನು ತಯಾರಿಸಿಕೊಳ್ಳಲಿ ಎಂಬುದು ಅವನ ಎಣಿಕೆ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಸೂಜಿಗೆ ಅಂಜಿ ಓಡಿದವರನ್ನು ನಾವು ಈಗ ನಗಬೇಕಿಲ್ಲ. ಲಸಿಕೆ ಪೂರ್ಣ ರಕ್ಷೆಯೇನೂ ಆಗಿರಲಿಲ್ಲ, ಜ್ವರವನ್ನಂತೂ ತರುತ್ತಿತ್ತು. ಆದರೆ ಸಾವು ಕಡಿಮೆಯಾದದ್ದು ನಿಜ.

ಪ್ಲೇಗಿನ ಬ್ಯಾಕ್ಟೀರಿಯ ಸೀರಮ್ಮಿನ ನೇರ ಏಟನ್ನು ತಾಳಿಕೊಳ್ಳಬಲ್ಲದು. ಆದರೆ ಸೀರಮ್ಮಿನ ಬಳಿ ಇನ್ನೊಂದು ಉಪಾಯವಿದೆ: ವೈರಿಯನ್ನು ಕೊಲ್ಲದೆ ಉಪವಾಸ ಕೆಡಹುವುದು. ಬಹುತೇಕ ಬ್ಯಾಕ್ಟೀರಿಯಗಳು ಬೆಳೆಯಲು ಕಬ್ಬಿಣ ಬೇಕು. ಸೀರಮ್ಮಿನಲ್ಲಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು 1946ರಲ್ಲಿ ಅಮೆರಿಕದ ಶೇಡ್ ಮತ್ತು ಕ್ಯಾರೊಲಿನ್ ತೋರಿಸಿಕೊಟ್ಟರು. ರಕ್ತದ ದ್ರವದಲ್ಲಿ ಬೆಳೆಯದೆ ನಿಂತ ಬ್ಯಾಕ್ಟೀರಿಯಗಳಿಗೆ ಕಬ್ಬಿಣ ಬೆರೆಸಿಕೊಟ್ಟರೆ ಮತ್ತೆ ಬೆಳೆಯುತ್ತಿದ್ದವು. ಪ್ಲೇಗಿನ ಬ್ಯಾಕ್ಟೀರಿಯಕ್ಕಾದರೋ ಆ ಕಬ್ಬಿಣವನ್ನೂ ಕಸಿದುಕೊಳ್ಳುವ ಕಲೆ ಗೊತ್ತು. ಆ ಕಲೆ ಮರೆತ ತಳಿಗಳು ನಿರಪಾಯವಾದವು. 1956ರಲ್ಲಿ ಇಂಗ್ಲೆಂಡಿನ ಜಾಕ್ಸನ್ ಮತ್ತು ಬರೋಸ್ ಅಂಥ ತಳಿಯೊಂದಿಗೆ ಇಲಿಮರಿಗಳಿಗೆ ಕಬ್ಬಿಣವನ್ನೂ ಚುಚ್ಚಿದರು. ತಳಿ ಮತ್ತೆ ಕೊಲೆಗಡುಕವಾಯಿತು.

(ರಕ್ತ ಕಡಿಮೆಯಿರುವ ಬಸುರಿ ಬಾಣಂತಿಯರು ಇದನ್ನೋದಿ ಕಬ್ಬಿಣದ ಮಾತ್ರೆ ಬಿಡಬಾರದು, ಅದು ಬೇರೆ ಲೆಕ್ಕ.)

2009ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ಇಂಥದೇ ದುರ್ಬಲ ತಳಿಯ ಮೇಲೆ ಕೆಲಸ ಮಾಡುತ್ತಿದ್ದು, ಅದೇ ತಗುಲಿ ತೀರಿಕೊಂಡರು. ಮನುಷ್ಯರಿಗೆ ಅಪಾಯವಿಲ್ಲವೆಂದು ಎಲ್ಲರೂ ನಂಬಿದ್ದ ತಳಿ ಅದು. ಪರೀಕ್ಷಿಸಿ ನೋಡಿದಾಗ, ಮೈಯಲ್ಲಿ ಕಬ್ಬಿಣ ಮಿತಿಮೀರಿ ಸೇರುವ ಹುಟ್ಟುರೋಗ ಅವರಿಗಿದ್ದದ್ದು ತಿಳಿಯಿತು. ಬದುಕಿರುವಾಗ ಅದು ಅವರಿಗೂ ಗೊತ್ತಿರಲಿಲ್ಲ.