ಬೂಸಾದಿಂದ ಊರುಕೇರಿಯವರೆಗೆ: ನಮ್ಮ ಓದಿನ ಚರಿತ್ರೆ

ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳೋದು ಈ ನಾಡಿನಲ್ಲಿ ಎಲ್ಲರಿಗೂ ಒಂದೇ ಬೆಲೆಯ ಕೆಲಸವಲ್ಲ. ಕೆಲವರು ಹೇಳಿದರೆ ಅದು ವಿಮರ್ಶೆ. ಅದಕ್ಕೆ ಹಾರ, ಶಾಲು, ಪ್ರಶಸ್ತಿ. ಕೇರಿಯಿಂದ ಬಂದವರು ಹೇಳಿದರೆ ಅದು ಅಪರಾಧ. ಈಚೆಗೆ ಓದಿದ ಪುಸ್ತಕಗಳ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ನಾವು ಕೂತಾಗ ಮೊದಲು ನೆನಪಾದದ್ದು ಇದೇ ಮಾತು.

1973ರ ನವೆಂಬರ್ ತಿಂಗಳು. ಮೈಸೂರಿನ ಒಂದು ಸಭೆಯಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಒಬ್ಬ ಓದುಗನ ಅಭಿಪ್ರಾಯ ಅದು. ಒಪ್ಪದವರು ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ, ಬೀದಿಗಿಳಿದರು. ಮೈಸೂರು, ಬೆಂಗಳೂರುಗಳಲ್ಲಿ ಗಲಭೆಯಾಯಿತು. ಕನ್ನಡಾಭಿಮಾನದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು, ಹಾಸ್ಟೆಲುಗಳೂ ಸುರಕ್ಷಿತವಾಗಿ ಉಳಿಯಲಿಲ್ಲ. ಕುವೆಂಪು ಅಂಥವರು ಬಸವಲಿಂಗಪ್ಪನವರ ಪರ ನಿಂತರೂ ಮಂತ್ರಿ ಪದವಿ ಹೋಯಿತು.

ಈ ಬಸವಲಿಂಗಪ್ಪನವರು ನಮಗೆ ದೂರದವರಲ್ಲ. ನಮ್ಮ ಯಲಹಂಕ ಮೀಸಲು ಕ್ಷೇತ್ರದಿಂದಲೂ ವಿಧಾನಸಭೆಗೆ ಹೋದವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದ ಮಂತ್ರಿ ಅವರೇ. ಈ ಎರಡೂ ಒಬ್ಬನೇ ಮನುಷ್ಯ ಮಾಡಿದ ಕೆಲಸ ಅನ್ನೋದನ್ನು ಮರೆಯಬಾರದು. ತಲೆಯ ಮೇಲಿನ ಮಲದ ಬುಟ್ಟಿಯನ್ನು ಇಳಿಸಿದವನು, ತಲೆಯ ಒಳಗೆ ತುಂಬಿರೋದು ಏನು ಅಂತಲೂ ಕೇಳಿದ. ಮೊದಲನೆಯದನ್ನು ಸಹಿಸಿಕೊಂಡವರಿಗೆ ಎರಡನೆಯದು ಸಹಿಸಲಾಗಲಿಲ್ಲ.

ಬೂಸಾ ಅಂದರೆ ನಿಜಕ್ಕೂ ಏನು? ದನ ಕಟ್ಟಿದವರ ಮನೆಯಲ್ಲಿ ಅದು ಬೈಗುಳವಲ್ಲ. ಕಾಳು ತೆಗೆದ ಮೇಲೆ ಉಳಿಯುವ ಹೊಟ್ಟು ಅದು, ಹಸುವಿನ ಮುಂದೆ ಇಡುವ ಮೇವು. ಹಾಗಾದರೆ ಕಾಳು ಯಾರ ಮನೆಗೆ ಹೋಯಿತು? ನಮ್ಮ ಪ್ರಕಾರ ಬಸವಲಿಂಗಪ್ಪನವರ ಮಾತನ್ನು ಈ ಕಡೆಯಿಂದ ಓದಬೇಕು. ಪಂಪ, ಕುಮಾರವ್ಯಾಸರನ್ನು ಕಸಕ್ಕೆ ಎಸೆಯಿರಿ ಅಂತ ಅಲ್ಲ. ಸಾವಿರ ವರ್ಷದ ಬರವಣಿಗೆಯಲ್ಲಿ ನಮ್ಮ ಪಾಲಿಗೆ ಬಂದ ಕಾಳೆಷ್ಟು, ಹೊಟ್ಟೆಷ್ಟು ಅಂತ ಅಳೆದು ನೋಡಿ ಅಂತ. ಎಲ್ಲವೂ ಹೊಟ್ಟೇ ಆಗಿರಲಿಲ್ಲ, ನಿಜ. ವಚನಕಾರರಿದ್ದರು. ಆದರೆ ಅಳೆಯುವ ಹಕ್ಕೇ ನಿನಗಿಲ್ಲ ಎಂದವರ ಜೊತೆ ವಾದ ಹೇಗೆ ಮಾಡೋದು?

ಈ ಹಕ್ಕಿನ ಕತೆ ಹಳೆಯದು. 1915ರಲ್ಲಿ ಮೈಸೂರು ಸರ್ಕಾರ ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದು ಎಂದು ಆಜ್ಞೆ ಹೊರಡಿಸಿತು. ಆಜ್ಞೆ ಹೊರಟ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ನಮ್ಮ ಮಕ್ಕಳು ಜಗಲಿಯ ಮೇಲೆ ಕೂತು, ಕಿಟಕಿಯಾಚೆಯ ಪಾಠವನ್ನು ಕಿವಿಯಿಂದ ಕಲಿತರು. ಅಕ್ಷರ ನಮಗೆ ಕಿಟಕಿಯಿಂದ ಬಂತು. ಬಾಗಿಲಿಂದ ಬಂದವರು ಇದನ್ನು ತಿಳಿಯಬೇಕು.

ನಾವು ಓದುತ್ತಿರುವುದು ಅಲ್ಲಾಳಸಂದ್ರದಲ್ಲಿ. ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಕೆರೆಯೇ ಊರಿಗೆ ಹೆಸರಾಗಿದೆ. ಒಂದು ಕಡೆ ಕೃಷಿ ವಿಶ್ವವಿದ್ಯಾನಿಲಯದ ಬೇಲಿ, ಇನ್ನೊಂದು ಕಡೆ ಜಕ್ಕೂರು, ಮುಂದೆ ಬಳ್ಳಾರಿ ರಸ್ತೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಹೊಲಗಳಿಗೆ ಅಡಿ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕೇರಿಯವನೇ. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ.

ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಅದಕ್ಕೇ ತಿರುವಿ ಹಾಕಿದೆವು. ಅದು ದೊಡ್ಡ ಕೆಲಸ, ಅನುಮಾನವಿಲ್ಲ. ನಮ್ಮ ಪಕ್ಕದ ಹೆಬ್ಬಾಳದಲ್ಲೇ 2018ರಲ್ಲಿ ನೆಲ ಅಗೆಯುವಾಗ ಕ್ರಿ.ಶ. 750ರ ಸುಮಾರಿನ ಕಿಟ್ಟಯ್ಯನ ವೀರಗಲ್ಲು ಸಿಕ್ಕಿತು. ಕಾದಿ ಸತ್ತವನ ಹೆಸರು ಕಲ್ಲಿನಲ್ಲಿದೆ. ಕೆರೆ ಕಟ್ಟಿಸಿದವರ ಹೆಸರು, ದತ್ತಿ ಬಿಟ್ಟವರ ಹೆಸರು, ದತ್ತಿ ಪಡೆದವರ ಗೋತ್ರ ಎಲ್ಲ ಶಾಸನಗಳಲ್ಲಿ ಸಿಗುತ್ತವೆ. ಮಣ್ಣು ಹೊತ್ತವಳ ಹೆಸರು? ತೂಬು ಎತ್ತಿದವನ ಹೆಸರು? ಕಟ್ಟಿಸಿದವರ ಚರಿತ್ರೆ ಇದೆ, ಕಟ್ಟಿದವರದು ಇಲ್ಲ. 1961ರ ಕಾಯ್ದೆ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಚಾಕರಿಯನ್ನು ರದ್ದು ಮಾಡಿತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ತಡೆಯಲು 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ಈ ಎರಡು ಕಾಯ್ದೆಗಳನ್ನೂ ನಾವು ಸಾಹಿತ್ಯದ ಜೊತೆಗೇ ಇಟ್ಟು ಓದಿದೆವು. ನೆಲ ಕಳಕೊಂಡವನಿಗೆ ಕಾಯ್ದೆಯ ಒಂದೊಂದು ಸಾಲೂ ಕವಿತೆಗಿಂತ ಹತ್ತಿರದ್ದು.

ಚೋಮನೂ ಕೇಳಿದ್ದು ನೆಲವನ್ನೇ ಅಲ್ಲವೇ? ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಆ ಕಾಲಕ್ಕೆ ಹೊಲೆಯನೊಬ್ಬನನ್ನು ಕಾದಂಬರಿಯ ನಾಯಕನನ್ನಾಗಿ ಮಾಡಿದ್ದು ಸಣ್ಣ ಮಾತಲ್ಲ. ಓದುವಾಗ ನಮ್ಮಲ್ಲಿ ಕೆಲವರ ಕಣ್ಣು ಒದ್ದೆಯಾಯಿತು. ಆದರೆ ಓದಿ ಮುಗಿಸಿದ ಮೇಲೆ ಜಗಳವೂ ಆಯಿತು. ಚೋಮ ಕುಡಿಯುತ್ತಾನೆ, ದುಡಿ ಬಡಿಯುತ್ತಾನೆ, ಸಾಯುತ್ತಾನೆ. ಪಕ್ಕದ ಗುಡಿಸಲಿನ ಇನ್ನೊಬ್ಬ ಚೋಮನ ಜೊತೆ ಸೇರಿ ಯಾಕೆ ಕೇಳುವುದಿಲ್ಲ? ಕಾರಂತರ ಕರುಣೆ ದೊಡ್ಡದು. ಕರುಣೆಯಿಂದ ಬರೆದವನಿಗೆ ನಮ್ಮ ದುಃಖ ಕಾಣುತ್ತದೆ, ನಮ್ಮ ಸಿಟ್ಟು ಕಾಣೋದು ಕಷ್ಟ.

ಇದೇ ಕಾರಣಕ್ಕೆ ದೇವನೂರ ಮಹಾದೇವರ ‘ಒಡಲಾಳ’ವನ್ನು ಎರಡು ಸಲ ಗಟ್ಟಿಯಾಗಿ ಓದಿದೆವು. ಸಾಕವ್ವನ ಹುಂಜ ಕಳೆದುಹೋಗಿದೆ. ಮನೆಗೆ ಕದ್ದ ಕಡಲೆಕಾಯಿ ಮೂಟೆ ಬಂದಿದೆ. ರಾತ್ರಿಯೆಲ್ಲ ಮನೆಮಂದಿ ಕೂತು ತಿನ್ನುತ್ತಾರೆ. ಇಲ್ಲಿ ಯಾರೂ ನಮ್ಮ ಕಡೆ ಕರುಣೆಯಿಂದ ನೋಡುತ್ತಿಲ್ಲ. ಹಸಿದವರು ನಗುತ್ತಾರೆ, ಬೈದಾಡುತ್ತಾರೆ, ಹುಡುಗಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ಬಂದರೆ ಹುಡುಕಿದ್ದೊಂದೂ ಸಿಗೋದಿಲ್ಲ. ನಮ್ಮ ಮನೆಗಳ ಒಳಗೆ ನಿಂತು ಬರೆದ ಪುಸ್ತಕ ಇದು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭವನ್ನು ಓದಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಇಷ್ಟನ್ನು ಹೇಳಿ ಕವಿ ಅಳುವುದಿಲ್ಲ. ಪುಸ್ತಕದುದ್ದಕ್ಕೂ ನಗಿಸುತ್ತಾರೆ. ಹೋರಾಟದ ಕವಿ ಇಷ್ಟು ನಗಬಹುದೇ ಅಂತ ನಮ್ಮಲ್ಲೊಬ್ಬರು ಆಕ್ಷೇಪಣೆ ತೆಗೆದರು. ನಗುವಿನಿಂದ ಸಿಟ್ಟು ತಣ್ಣಗಾಗುತ್ತೆ ಅನ್ನೋದು ಅವರ ವಾದ. ಅವಮಾನವನ್ನು ನಕ್ಕು ಹೇಳಬಲ್ಲವನು ಅದಕ್ಕೆ ಹೆದರುವುದನ್ನು ಬಿಟ್ಟಿದ್ದಾನೆ ಅನ್ನೋದು ಉಳಿದವರ ವಾದ. ತೀರ್ಮಾನ ಆಗಲಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಹೆಸರಿಗೆ ಮಾತ್ರ ಯಾರೂ ವಿವರಣೆ ಕೇಳಲಿಲ್ಲ. ಮೀಸಲಾತಿಯಲ್ಲಿ ಓದಿದ ಪ್ರತಿಯೊಬ್ಬರೂ ಆ ಕುಹಕವನ್ನು ಒಂದಲ್ಲ ಒಂದು ದಿನ ಕೇಳಿದವರೇ.

ಇವೆಲ್ಲ ತಾನಾಗಿ ಬಂದ ಪುಸ್ತಕಗಳಲ್ಲ. ಬೂಸಾ ಗಲಭೆಯಲ್ಲಿ ಏಟು ತಿಂದ ತಲೆಮಾರೇ ದಲಿತ ಸಂಘರ್ಷ ಸಮಿತಿ ಕಟ್ಟಿತು, ಪತ್ರಿಕೆಗಳನ್ನು ಮಾಡಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಇಡಿ ಎಂದು ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ದಲಿತ, ಬಲಿತ ಅಂತ ಭೇದವಿಲ್ಲ ಅನ್ನೋ ಧಾಟಿಯಲ್ಲಿ ಪರಿಷತ್ತು ತಳ್ಳಿಹಾಕಿತು. ಆ ವರ್ಷದ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಬಾಬಾಸಾಹೇಬರ ಭಾಷಣವನ್ನು ಮೊದಲೇ ಓದಿ ಹೆದರಿ ಸಭೆ ರದ್ದು ಮಾಡಿದಾಗ, ಅವರು ಅದನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ವೇದಿಕೆ ಕೊಡದವರಿಗೆ ನಮ್ಮ ಜನ ಕೊಟ್ಟ ಉತ್ತರ ಎರಡೂ ಸಲ ಒಂದೇ.

ನಮ್ಮ ತಪ್ಪನ್ನೂ ಹೇಳಬೇಕು. ಓದಿದ ಪುಸ್ತಕಗಳ ಪಟ್ಟಿ ಮಾಡಿ ನೋಡಿದರೆ ಬರೆದವರೆಲ್ಲ ಗಂಡಸರೇ. ಗೀತಾ ನಾಗಭೂಷಣ, ಬಿ.ಟಿ. ಲಲಿತಾ ನಾಯಕ್ ನಮ್ಮ ಕೈಗೆ ಯಾಕೆ ಮೊದಲು ಬರಲಿಲ್ಲ? ಕೂಟಕ್ಕೂ ಹೆಣ್ಣುಮಕ್ಕಳು ಬರುತ್ತಿಲ್ಲ. ಸಂಜೆ ಆರು ಗಂಟೆಗೆ ಸೇರಿದರೆ ಅವರು ಬರೋದಾದರೂ ಹೇಗೆ? ಆ ಹೊತ್ತಿಗೆ ಒಲೆಯ ಮುಂದೆ ಅವರನ್ನು ಕೂರಿಸಿದವರು ನಾವೇ. ಮುಂದಿನ ಸಲ ಭಾನುವಾರ ಮಧ್ಯಾಹ್ನ ಸೇರುವುದು, ಅಡಿಗೆಯ ಕೆಲಸ ಗಂಡಸರು ಹಂಚಿಕೊಳ್ಳುವುದು, ‘ಬದುಕು’ ಕಾದಂಬರಿ ಓದುವುದು ಅಂತ ಗೊತ್ತು ಮಾಡಿದ್ದೇವೆ.

ಹಳ್ಳಿ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ನಮ್ಮದೊಂದು ವಿನಂತಿ. ಒಬ್ಬರೇ ಮೌನವಾಗಿ ಓದಬೇಡಿ. ಅಕ್ಷರ ಬಾರದ ಅವ್ವ ಅಪ್ಪಂದಿರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ, ಅವರ ಅಭಿಪ್ರಾಯ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ಬೂಸಾ ಅಂದರೆ ಬೂಸಾ ಅಂತಲೇ ಬರೆಯಿರಿ. ನಾವೂ ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಅದರ ಮೊದಲ ಪುಟದಲ್ಲಿ ಪುಸ್ತಕದ ಹೆಸರುಗಳಿಲ್ಲ. ಈ ಕೆರೆಯ ತೂಬು ಎತ್ತಿದವರ ಹೆಸರು ಯಾರಿಗಾದರೂ ನೆನಪಿದೆಯೇ ಅಂತ ಊರಿನ ಹಿರಿಯರನ್ನು ಕೇಳುತ್ತಾ, ಸಿಕ್ಕ ಹೆಸರುಗಳನ್ನು ಅಲ್ಲಿ ಬರೆಯುತ್ತಿದ್ದೇವೆ.